ಸುಮ್ಮನಿರದ ಮಗು ಮತ್ತು ಕ್ಯಾಮರಾದ ಕಥೆ

ಮಗುವಿನ ಫೋಟೋ ತೆಗೆಯಲು ನೀವು ಎಂದಾದರೂ ಕುಳಿತಿದ್ದೀರಾ? ಹಾಗಾದರೆ ಒಂದು ಸಂಗತಿ ನಿಮ್ಮ ಅನುಭವಕ್ಕೆ ಬಂದೇ ಇರುತ್ತದೆ. ಕ್ಯಾಮರಾ ಸಿದ್ಧವಾಗುವಷ್ಟರಲ್ಲಿ ನಗು ಮಾಯವಾಗಿರುತ್ತದೆ. ಗುಂಡಿ ಒತ್ತುವಷ್ಟರಲ್ಲಿ ಮುಖ ಪಕ್ಕಕ್ಕೆ ತಿರುಗಿರುತ್ತದೆ. ಬಂದ ಚಿತ್ರದಲ್ಲಿ ಗೋಡೆ ಸ್ಪಷ್ಟವಾಗಿ, ಮಗು ಮಸುಕಾಗಿ ಇರುತ್ತದೆ. ಗೋಡೆ ಅಲುಗುವುದಿಲ್ಲ, ಮಗು ಅಲುಗುತ್ತದೆ, ಕಾರಣ ಇಷ್ಟೇ.

ಈ ಸಣ್ಣ ತೊಂದರೆಗೆ ಸುಮಾರು 185 ವರ್ಷಗಳ ಇತಿಹಾಸವಿದೆ. ಬೆಟ್ಟ, ಕಟ್ಟಡ, ವಿಗ್ರಹಗಳು ಎಷ್ಟು ಹೊತ್ತಾದರೂ ಕಾಯಬಲ್ಲವು. ಮಗು ಕಾಯುವುದಿಲ್ಲ. ಆದ್ದರಿಂದ ಮಗುವಿನ ಒಂದು ಒಳ್ಳೆಯ ಚಿತ್ರ ಬೇಕೆಂಬ ಹಂಬಲ ರಸಾಯನ ವಿಜ್ಞಾನಕ್ಕೂ ದ್ಯುತಿ ವಿಜ್ಞಾನಕ್ಕೂ ಮತ್ತೆ ಮತ್ತೆ ಸವಾಲು ಹಾಕಿತು. ಕ್ಯಾಮರಾದ ಚರಿತ್ರೆಯ ಹಲವು ತಿರುವುಗಳಲ್ಲಿ ಒಬ್ಬ ತಂದೆಯೋ ತಾಯಿಯೋ, ಅವರ ಮಗುವೋ ನಮಗೆ ಎದುರಾಗುತ್ತಾರೆ. ಆ ಕಥೆಯನ್ನು ತಿಳಿದವರಿಗೆ ತಮ್ಮ ಮನೆಯ ಫೋಟೋಗಳನ್ನು ಸುಧಾರಿಸಿಕೊಳ್ಳುವ ದಾರಿಯೂ ತಿಳಿಯುತ್ತದೆ.

ಅಲುಗಿದರೆ ಅಳಿಸಿಹೋದಂತೆ

ಫ್ರಾನ್ಸಿನ ಲೂಯಿ ದಗೇರ್ ರೂಪಿಸಿದ ಛಾಯಾಗ್ರಹಣ ವಿಧಾನದ ವಿವರಗಳು 1839ರ ಆಗಸ್ಟ್ 19ರಂದು ಪ್ಯಾರಿಸಿನಲ್ಲಿ ಬಹಿರಂಗವಾದವು. ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಅಯೊಡಿನ್ ಆವಿಗೆ ಒಡ್ಡಿದರೆ ಅದರ ಮೇಲೆ ಸಿಲ್ವರ್ ಅಯೊಡೈಡಿನ ತೆಳು ಪದರ ಉಂಟಾಗುತ್ತದೆ. ಅದನ್ನು ಕ್ಯಾಮರಾದಲ್ಲಿಟ್ಟು ಬೆಳಕಿಗೆ ಒಡ್ಡಿ, ಅನಂತರ ಪಾದರಸದ ಆವಿಯಲ್ಲಿ ಇಟ್ಟರೆ ಚಿತ್ರ ಮೂಡುತ್ತದೆ. ಆದರೆ ಬೆಳಕಿಗೆ ಒಡ್ಡುವ ಅವಧಿ ಹಲವು ನಿಮಿಷಗಳಷ್ಟಿತ್ತು.

ಇದರ ಪರಿಣಾಮವನ್ನು ದಗೇರ್ 1838ರಲ್ಲಿ ತೆಗೆದ ಪ್ಯಾರಿಸಿನ ಒಂದು ಬೀದಿಯ ಚಿತ್ರದಲ್ಲಿ ಕಾಣಬಹುದು. ಜನ, ಗಾಡಿಗಳಿಂದ ತುಂಬಿದ್ದ ಬೀದಿ ಚಿತ್ರದಲ್ಲಿ ಬಹುತೇಕ ಬರಿದಾಗಿದೆ. ನಡೆದವರು ಯಾರೂ ತಗಡಿನ ಮೇಲೆ ಗುರುತು ಬಿಡಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದ ಒಬ್ಬ ವ್ಯಕ್ತಿ ಮಾತ್ರ ಮೂಡಿದ್ದಾನೆ. ಹೀಗಿರುವಾಗ ಎರಡು ವರ್ಷದ ಮಗುವಿನ ಚಿತ್ರ ತೆಗೆಯುವುದು ಹೇಗೆ?

ಎರಡು ದಿಕ್ಕಿನಿಂದ ಪರಿಹಾರ ಬಂತು. ವಿಯನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ 1840ರಲ್ಲಿ ಭಾವಚಿತ್ರಗಳಿಗೆಂದೇ ಒಂದು ಮಸೂರವನ್ನು ಲೆಕ್ಕ ಹಾಕಿ ರೂಪಿಸಿದ. ಅದರ ದ್ಯುತಿರಂಧ್ರ ಎಫ್/3.6. ಅಂದಿನ ಸಾಮಾನ್ಯ ಮಸೂರ ಸುಮಾರು ಎಫ್/16. ಬೆಳಕಿನ ಪ್ರಮಾಣ ಈ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. 16ನ್ನು 3.6ರಿಂದ ಭಾಗಿಸಿ ವರ್ಗ ಮಾಡಿ ನೋಡಿ. ಹೊಸ ಮಸೂರ ಸುಮಾರು 20 ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ಇನ್ನೊಂದು ದಿಕ್ಕಿನಲ್ಲಿ, ಅಯೊಡಿನ್ ಜೊತೆಗೆ ಬ್ರೋಮಿನ್ ಆವಿಯನ್ನೂ ಬಳಸಿದರೆ ತಗಡಿನ ಸಂವೇದನೆ ಹೆಚ್ಚುತ್ತದೆಂದು ಕಂಡುಬಂತು. ಇವೆರಡೂ ಸೇರಿ ಕಾಲಾವಧಿ ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯಿತು.

ಆ ಕಾಲದ ಒಬ್ಬ ಪ್ರಸಿದ್ಧ ತಂದೆಯನ್ನು ಇಲ್ಲಿ ನೆನೆಯಬೇಕು. 1842ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಹಿರಿಯ ಮಗ ವಿಲಿಯಂನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಗಡಿನ ಚಿತ್ರವೊಂದನ್ನು ತೆಗೆಸಿದ. ಮಗುವಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಮಗ ಹುಟ್ಟಿದಂದಿನಿಂದ ಆತನ ಸೀನು, ಅಳು, ನಗು, ಭಯಗಳನ್ನು ಡಾರ್ವಿನ್ ಟಿಪ್ಪಣಿ ಮಾಡಿಡುತ್ತಿದ್ದ. ಆ ಟಿಪ್ಪಣಿಗಳು ಒಂದು ಲೇಖನವಾಗಿ ಪ್ರಕಟವಾದದ್ದು 1877ರಲ್ಲಿ. ಅದಕ್ಕೆ ಮುಂಚೆ, 1872ರಲ್ಲಿ, ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿ ಕುರಿತ ಆತನ ಪುಸ್ತಕ ಹೊರಬಂತು. ಅದರಲ್ಲಿ ಅಳುವ ಮಕ್ಕಳ ಛಾಯಾಚಿತ್ರಗಳಿದ್ದವು. ಛಾಯಾಚಿತ್ರಗಳನ್ನು ಮುದ್ರಿಸಿ ಬಳಸಿಕೊಂಡ ಮೊದಮೊದಲ ವಿಜ್ಞಾನ ಗ್ರಂಥಗಳಲ್ಲಿ ಅದೂ ಒಂದು. ಮಗುವನ್ನು ಪ್ರೀತಿಯಿಂದ ನೋಡುವ ತಂದೆಯ ಕಣ್ಣು, ವಿವರ ಬಿಡದೆ ನೋಡುವ ವಿಜ್ಞಾನಿಯ ಕಣ್ಣು ಎರಡೂ ಒಂದೇ ಆಗಬಲ್ಲವು ಎಂಬುದಕ್ಕೆ ಇದೊಂದು ಉದಾಹರಣೆ.

ಎಲ್ಲರ ಮಕ್ಕಳೂ ತೊಡೆಯ ಮೇಲೆ ಸುಮ್ಮನೆ ಕೂರುತ್ತಿರಲಿಲ್ಲ. ದೊಡ್ಡವರ ತಲೆಯನ್ನು ಹಿಂದಿನಿಂದ ಕಬ್ಬಿಣದ ಕವೆಗೋಲಿಗೆ ಆನಿಸಿ ನಿಲ್ಲಿಸುತ್ತಿದ್ದರು. ಕೂಸುಗಳಿಗೆ ಅದು ಆಗದು. ಆಗ ತಾಯಿಯೇ ಕುರ್ಚಿಯಲ್ಲಿ ಕುಳಿತು, ತಲೆಯ ಮೇಲಿಂದ ಪರದೆಯನ್ನೋ ಹೊದಿಕೆಯನ್ನೋ ಹೊದ್ದು, ಕುರ್ಚಿಯಂತೆ ಕಾಣುತ್ತಾ ಮಗುವನ್ನು ಹಿಡಿದುಕೊಳ್ಳುತ್ತಿದ್ದಳು. ಇಂಥ ಚಿತ್ರಗಳು ಸಂಗ್ರಹಾಲಯಗಳಲ್ಲಿ ಇಂದಿಗೂ ಇವೆ. ಸೂಕ್ಷ್ಮವಾಗಿ ನೋಡಿದರೆ ಬಟ್ಟೆಯ ಅಡಿಯಿಂದ ಒಂದು ಕೈ ಇಣುಕುತ್ತದೆ.

ಈ ಸಡಗರದ ಹಿಂದೆ ನೋವೂ ಇತ್ತು. ಶಿಶು ಮರಣ ಬಹಳ ಹೆಚ್ಚಾಗಿದ್ದ ಕಾಲ ಅದು. ಎಷ್ಟೋ ಮನೆಗಳಲ್ಲಿ ಮಗುವಿನ ಏಕೈಕ ಚಿತ್ರ ಅದು ತೀರಿಕೊಂಡ ಮೇಲೆ ತೆಗೆಸಿದ್ದು. ಆ ಚಿತ್ರಗಳು ಮಾತ್ರ ಅತ್ಯಂತ ಸ್ಪಷ್ಟವಾಗಿ ಬರುತ್ತಿದ್ದವು. ಕಾಲಾವಧಿಯನ್ನು ಕಡಿಮೆ ಮಾಡಬೇಕೆಂಬ ಒತ್ತಾಯ ಬರೀ ಅನುಕೂಲದ ಪ್ರಶ್ನೆಯಾಗಿರಲಿಲ್ಲ.

ಕೋಳಿಗೂಡೇ ಸ್ಟುಡಿಯೋ

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಬಳಿದು ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದ. ಒಂದೇ ಗಾಜಿನ ನೆಗೆಟಿವ್‌ನಿಂದ ಬೇಕಾದಷ್ಟು ಪ್ರತಿಗಳನ್ನು ಪಡೆಯಬಹುದಾಗಿತ್ತು. ತೊಡಕೆಂದರೆ, ಫಲಕ ಒಣಗುವ ಮೊದಲೇ ಎಲ್ಲವೂ ಮುಗಿಯಬೇಕು. ಬಳಿಯುವುದು, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದುವುದು, ಚಿತ್ರ ತೆಗೆಯುವುದು, ಸಂಸ್ಕರಿಸುವುದು ಇವೆಲ್ಲ ಕೆಲವೇ ನಿಮಿಷಗಳಲ್ಲಿ, ಕತ್ತಲ ಕೋಣೆಗೂ ಕ್ಯಾಮರಾಕ್ಕೂ ಓಡಾಡುತ್ತಾ ಆಗಬೇಕಿತ್ತು.

ಈ ಕಷ್ಟದ ವಿದ್ಯೆಯನ್ನು 48ನೆಯ ವಯಸ್ಸಿನಲ್ಲಿ ಹವ್ಯಾಸವಾಗಿ ಕೈಗೆತ್ತಿಕೊಂಡವಳು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಆಕೆ 1815ರಲ್ಲಿ ನಮ್ಮ ಕಲ್ಕತ್ತೆಯಲ್ಲೇ ಹುಟ್ಟಿದವಳು. ಅನಂತರ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನೆಲೆಸಿದ್ದಳು. 1863ರ ಕೊನೆಯಲ್ಲಿ ಮಗಳು ಮತ್ತು ಅಳಿಯ ಆಕೆಗೆ ಒಂದು ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟರು. ಆಕೆ ಕಲ್ಲಿದ್ದಲು ಇಡುತ್ತಿದ್ದ ಕೊಠಡಿಯನ್ನು ಕತ್ತಲ ಕೋಣೆ ಮಾಡಿಕೊಂಡಳು. ಗಾಜು ಹಾಕಿದ ಕೋಳಿಗೂಡು ಸ್ಟುಡಿಯೋ ಆಯಿತು.

ಕಲಿಸಲು ಯಾರೂ ಇರಲಿಲ್ಲ. ಕ್ಯಾಮರಾವನ್ನು ಎಲ್ಲಿಡಬೇಕು, ಫೋಕಸ್ ಹೇಗೆ ಮಾಡಬೇಕು ಎಂಬುದೂ ತನಗೆ ಗೊತ್ತಿರಲಿಲ್ಲವೆಂದು, ಮೊದಲ ಚಿತ್ರವನ್ನು ಹಸಿ ಫಲಕದ ಮೇಲೆ ಕೈ ಉಜ್ಜಿ ತಾನೇ ಅಳಿಸಿಬಿಟ್ಟೆನೆಂದು ಆಕೆಯೇ ಬರೆದಿದ್ದಾಳೆ. ಇಬ್ಬರು ಮಕ್ಕಳನ್ನು ಕೂರಿಸಿ ಚಿತ್ರ ತೆಗೆಯುವಾಗ ಒಂದು ಮಗು ಫಕ್ಕನೆ ನಕ್ಕು ಆ ಫಲಕವೂ ಹಾಳಾಯಿತು. ಆಗ ಆಕೆ ಒಂದೇ ಮಗುವನ್ನು ಕೂರಿಸಿಕೊಂಡಳು. ನೀನು ಅಲುಗಿದರೆ ನನ್ನ ರಾಸಾಯನಿಕಗಳೂ ಶ್ರಮವೂ ವ್ಯರ್ಥವಾಗುತ್ತವೆ ಎಂದು ಅದಕ್ಕೆ ಬಿಡಿಸಿ ಹೇಳಿದಳು. ಮಗು ಒಪ್ಪಿ ಸುಮ್ಮನೆ ಕುಳಿತಿತು. 1864ರ ಜನವರಿಯ ಆ ಚಿತ್ರ ‘ಆನಿ’ ಎಂಬ ಬಾಲೆಯದು. ಕ್ಯಾಮರಾನ್ ಅದನ್ನು ತನ್ನ ಮೊದಲ ಯಶಸ್ಸು ಎಂದು ಕರೆದಳು. ಅಂದೇ ಪ್ರತಿ ತೆಗೆದು, ಚೌಕಟ್ಟು ಹಾಕಿಸಿ ಮಗುವಿನ ತಂದೆಗೆ ಕೊಟ್ಟಳು.

ಆಕೆಯ ಚಿತ್ರಗಳು ಮಸುಕು ಎಂದು ಅಂದಿನ ವಿಮರ್ಶಕರು ಟೀಕಿಸಿದರು. ಆದರೆ ಒಂದು ಕಡೆಯಿಂದ ಬೀಳುವ ಬೆಳಕು, ಚೌಕಟ್ಟು ತುಂಬುವ ಮುಖ, ಹಿಂದೆ ಯಾವ ಅಲಂಕಾರವೂ ಇಲ್ಲದ ಕಡು ಬಣ್ಣ ಇವುಗಳಿಂದ ಆ ಚಿತ್ರಗಳಲ್ಲಿ ಮನುಷ್ಯರು ಜೀವಂತವಾಗಿ ಕಾಣುತ್ತಾರೆ. ಹವ್ಯಾಸಿಗಳು ಗಮನಿಸಬೇಕಾದ ಎರಡು ಪಾಠಗಳು ಇಲ್ಲಿವೆ. ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಮೊದಲು ನೋಡಬೇಕು. ಮಗುವನ್ನು ಗದರುವುದರ ಬದಲು ಅದನ್ನು ಕೆಲಸದಲ್ಲಿ ಜೊತೆಗಾರನನ್ನಾಗಿ ಮಾಡಿಕೊಳ್ಳಬೇಕು.

ಜೆಲಟಿನ್ ಮತ್ತು ಸಾಸಿವೆ

ಹಸಿ ಫಲಕದ ಗಡಿಬಿಡಿಯನ್ನು ತಪ್ಪಿಸಿದ್ದು ಜೆಲಟಿನ್. ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್‌ಗೆ ಕೊಲೋಡಿಯನ್‌ನಲ್ಲಿರುವ ಈಥರ್ ಆವಿ ಒಗ್ಗುತ್ತಿರಲಿಲ್ಲ. ಅದಕ್ಕೆ ಬದಲಿಯಾಗಿ ಜೆಲಟಿನ್‌ನಲ್ಲಿ ಸಿಲ್ವರ್ ಬ್ರೋಮೈಡನ್ನು ಬೆರೆಸಬಹುದೆಂದು ಆತ 1871ರಲ್ಲಿ ಸೂಚಿಸಿದ. 1878ರಲ್ಲಿ ಚಾರ್ಲ್ಸ್ ಬೆನೆಟ್ ಈ ಮಿಶ್ರಣವನ್ನು ಕೆಲವು ದಿನ ಬೆಚ್ಚಗೆ ಇಟ್ಟರೆ ಅದರ ಸಂವೇದನೆ ಬಹಳ ಹೆಚ್ಚುತ್ತದೆಂದು ತೋರಿಸಿದ. ಸೆಕೆಂಡಿನ ಭಾಗಗಳಲ್ಲಿ ಚಿತ್ರ ತೆಗೆಯುವುದು ಸಾಧ್ಯವಾಯಿತು. ಫಲಕವನ್ನು ಮುಂಚೆಯೇ ತಯಾರಿಸಿ, ಒಣಗಿಸಿ, ಪೆಟ್ಟಿಗೆಯಲ್ಲಿಟ್ಟು ಮಾರಬಹುದಾಯಿತು.

ಒಂದು ಒಗಟು ಮಾತ್ರ ಉಳಿಯಿತು. ಒಂದು ಕಾರ್ಖಾನೆಯ ಜೆಲಟಿನ್‌ನಿಂದ ಒಳ್ಳೆಯ ಫಲಕ ಬಂದರೆ, ಇನ್ನೊಂದರದು ಮಂದವಾಗಿರುತ್ತಿತ್ತು. ಕೋಡಕ್ ಸಂಸ್ಥೆಯ ಸಂಶೋಧಕ ಸ್ಯಾಮ್ಯುಯೆಲ್ ಶೆಪರ್ಡ್ 1925ರಲ್ಲಿ ಇದಕ್ಕೆ ಉತ್ತರ ಕೊಟ್ಟ. ಜೆಲಟಿನ್ ತಯಾರಾಗುವುದು ದನಗಳ ಚರ್ಮ ಮತ್ತು ಮೂಳೆಗಳಿಂದ. ದನಗಳು ಸಾಸಿವೆ ಜಾತಿಯ ಗಿಡಗಳನ್ನು ಮೇಯ್ದಿದ್ದರೆ ಅವುಗಳಲ್ಲಿರುವ ಗಂಧಕದ ಸಂಯುಕ್ತಗಳು ಜೆಲಟಿನ್‌ನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಉಳಿಯುತ್ತವೆ. ಅವು ಸಿಲ್ವರ್ ಬ್ರೋಮೈಡ್ ಹರಳಿನ ಮೇಲೆ ಸಿಲ್ವರ್ ಸಲ್ಫೈಡಿನ ಸೂಕ್ಷ್ಮ ಚುಕ್ಕೆಗಳನ್ನು ಉಂಟುಮಾಡಿ ಬೆಳಕಿಗೆ ಅದರ ಸಂವೇದನೆಯನ್ನು ಹೆಚ್ಚಿಸುತ್ತವೆ. ನಮ್ಮ ಒಗ್ಗರಣೆಯ ಸಾಸಿವೆಯ ಘಾಟಿಗೆ ಕಾರಣವಾದ ವಸ್ತುವೇ ಮಗುವಿನ ಓಟವನ್ನು ಹಿಡಿಯಲು ನೆರವಾಯಿತು ಎಂದರೆ ವಿದ್ಯಾರ್ಥಿಗಳು ಬೆರಗಾಗದೆ ಇರಲಾರರು.

ಕ್ಯಾಮರಾ ಮನೆಗೆ ಬಂತು

ಅಮೆರಿಕದ ರೋಚೆಸ್ಟರ್ ಊರಿನ ಬ್ಯಾಂಕ್ ಗುಮಾಸ್ತ ಜಾರ್ಜ್ ಈಸ್ಟ್‌ಮನ್ ಹಗಲು ಬ್ಯಾಂಕಿನಲ್ಲಿ ದುಡಿದು, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ಜೆಲಟಿನ್ ಮಿಶ್ರಣ ಕುದಿಸುತ್ತಿದ್ದ. 1888ರಲ್ಲಿ ಆತನ ಕೋಡಕ್ ಕ್ಯಾಮರಾ ಮಾರುಕಟ್ಟೆಗೆ ಬಂತು. ಬೆಲೆ 25 ಡಾಲರ್. ಅದರೊಳಗೆ 100 ಚಿತ್ರಗಳಿಗೆ ಸಾಕಾಗುವ ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮರಾವನ್ನೇ ಕಂಪನಿಗೆ ಕಳಿಸಿ 10 ಡಾಲರ್ ಕೊಟ್ಟರೆ ಚಿತ್ರಗಳೂ ಹೊಸ ಸುರುಳಿ ತುಂಬಿದ ಕ್ಯಾಮರಾವೂ ಮನೆಗೆ ಬರುತ್ತಿದ್ದವು. 1900ರಲ್ಲಿ ಬಂದ ಬ್ರೌನಿ ಕ್ಯಾಮರಾದ ಬೆಲೆ ಒಂದೇ ಡಾಲರ್. ಅದನ್ನು ಮಕ್ಕಳಿಗೆಂದೇ ಜಾಹೀರಾತು ಮಾಡಿ ಮಾರಿದರು. ಮೊದಲ ವರ್ಷವೇ ಲಕ್ಷಕ್ಕೂ ಹೆಚ್ಚು ಮಾರಾಟವಾದವು.

ಇದರಿಂದ ಆದ ಬದಲಾವಣೆ ಸಣ್ಣದಲ್ಲ. ಅಲ್ಲಿಯವರೆಗೆ ಮಗು ಹೊಸ ಬಟ್ಟೆ ತೊಟ್ಟು ಸ್ಟುಡಿಯೋಗೆ ಹೋಗಬೇಕಿತ್ತು. ಈಗ ಕ್ಯಾಮರಾ ಅಂಗಳಕ್ಕೆ ಬಂತು. ಮಣ್ಣಾಟ, ನಾಯಿಮರಿ, ಹುಟ್ಟುಹಬ್ಬಗಳು ಚಿತ್ರದ ವಸ್ತುಗಳಾದವು. ಭಾರತದಲ್ಲೂ ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3 ಪೆಟ್ಟಿಗೆ ಕ್ಯಾಮರಾ ಎಷ್ಟೋ ಮಧ್ಯಮ ವರ್ಗದ ಮನೆಗಳ ಮೊದಲ ಕ್ಯಾಮರಾ ಆಗಿತ್ತು. ಒಂದು ಸುರುಳಿಯಲ್ಲಿ 12 ಚಿತ್ರ ಮಾತ್ರ. ಹೀಗಾಗಿ ಪ್ರತಿ ಚಿತ್ರಕ್ಕೂ ಮೊದಲು ಯೋಚಿಸುವುದು ಅನಿವಾರ್ಯವಾಗಿತ್ತು.

ಮಗಳ ಪ್ರಶ್ನೆ, ಮಗನ ಚಿತ್ರ

1943ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವಿನ್ ಲ್ಯಾಂಡ್ ಸಂಸಾರದೊಂದಿಗೆ ಸಾಂಟಾ ಫೆ ಎಂಬಲ್ಲಿಗೆ ಪ್ರವಾಸ ಹೋಗಿದ್ದ. ಮೂರು ವರ್ಷದ ಮಗಳ ಫೋಟೋ ತೆಗೆದಾಗ, ಅದು ಈಗಲೇ ಏಕೆ ಕಾಣುವುದಿಲ್ಲ ಎಂದು ಅವಳು ಕೇಳಿದಳು. ದೊಡ್ಡವರಾರೂ ಕೇಳದ ಪ್ರಶ್ನೆ ಅದು. ಲ್ಯಾಂಡ್ ಅದನ್ನು ನಕ್ಕು ತಳ್ಳಿಹಾಕದೆ ಅಂದೇ ಆಲೋಚನೆಗೆ ತೊಡಗಿದ. 1947ರ ಫೆಬ್ರುವರಿಯಲ್ಲಿ ಆತ ಒಂದೇ ನಿಮಿಷದಲ್ಲಿ ಚಿತ್ರ ಕೊಡುವ ವಿಧಾನವನ್ನು ಪ್ರದರ್ಶಿಸಿದ. 1948ರಲ್ಲಿ ಪೋಲರಾಯ್ಡ್ ಕ್ಯಾಮರಾ ಮಾರಾಟಕ್ಕೆ ಬಂತು. ಬೆಳಕು ಬೀಳದ ಭಾಗದ ಬೆಳ್ಳಿ ಲವಣ ಹೈಪೋದಲ್ಲಿ ಕರಗಿ, ಎದುರಿನ ಕಾಗದಕ್ಕೆ ಸಾಗಿ, ಅಲ್ಲಿ ಬೆಳ್ಳಿಯಾಗಿ ಕೂರುವುದೇ ಅದರ ಗುಟ್ಟು. ನೆಗೆಟಿವ್ ಮೂಡುತ್ತಿರುವಾಗಲೇ ಪಾಸಿಟಿವ್ ಕೂಡ ಸಿದ್ಧವಾಗುತ್ತದೆ.

1957ರಲ್ಲಿ ರಸೆಲ್ ಕಿರ್ಶ್ ಎಂಬ ಎಂಜಿನಿಯರ್ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಚಿತ್ರವನ್ನು ಕಂಪ್ಯೂಟರಿಗೆ ಉಣಿಸುವ ಯಂತ್ರವನ್ನು ಸಹೋದ್ಯೋಗಿಗಳೊಂದಿಗೆ ರೂಪಿಸಿದ. ಆತ ಯಂತ್ರಕ್ಕೆ ಕೊಟ್ಟದ್ದು ತನ್ನ ಮೂರು ತಿಂಗಳ ಮಗನ ಫೋಟೋ. ಅದು 176 ಸಾಲು, ಸಾಲಿಗೆ 176 ಬಿಂದುಗಳಾಗಿ, ಅಂದರೆ ಒಟ್ಟು 30,976 ಬಿಂದುಗಳಾಗಿ ಕಂಪ್ಯೂಟರಿನಲ್ಲಿ ಮೂಡಿತು. ಇಂದು ನಾವು ನೋಡುವ ಎಲ್ಲ ಡಿಜಿಟಲ್ ಚಿತ್ರಗಳ ಪೂರ್ವಜ ಒಂದು ಕೂಸಿನ ಮುಖ!

ಮುಂದಿನ ಹೆಜ್ಜೆಗಳು ವೇಗವಾಗಿದ್ದವು. 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಬೆಳಕಿನ ಸಂವೇದಕಕ್ಕೆ ಬುನಾದಿ ಹಾಕಿದರು. 2009ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂತು. 1975ರಲ್ಲಿ ಕೋಡಕ್‌ನ ಸ್ಟೀವನ್ ಸ್ಯಾಸನ್ ಸುಮಾರು 3.6 ಕಿಲೋಗ್ರಾಂ ತೂಕದ ಡಿಜಿಟಲ್ ಕ್ಯಾಮರಾ ಕಟ್ಟಿದ. ಅದರಲ್ಲಿದ್ದದ್ದು 10,000 ಬಿಂದುಗಳು. ಒಂದು ಚಿತ್ರ ಕ್ಯಾಸೆಟ್ ಟೇಪಿನಲ್ಲಿ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. 1997ರ ಜೂನ್ 11ರಂದು ಫಿಲಿಪ್ ಕಾನ್ ಎಂಬ ತಂತ್ರಜ್ಞ ಕ್ಯಾಲಿಫೋರ್ನಿಯಾದ ಹೆರಿಗೆ ಆಸ್ಪತ್ರೆಯಲ್ಲಿ ಕಾಯುತ್ತಾ ಒಂದು ಡಿಜಿಟಲ್ ಕ್ಯಾಮರಾ, ಲ್ಯಾಪ್‌ಟಾಪ್, ಮೊಬೈಲ್ ಮೂರನ್ನೂ ಜೋಡಿಸಿಕೊಂಡ. ಆಗ ತಾನೇ ಹುಟ್ಟಿದ ಮಗಳ ಚಿತ್ರವನ್ನು ಅಲ್ಲಿಂದಲೇ 2,000ಕ್ಕೂ ಹೆಚ್ಚು ಜನರಿಗೆ ಕಳುಹಿಸಿದ. ಕ್ಯಾಮರಾ ಮತ್ತು ಮೊಬೈಲ್ ಒಂದಾಗುವ ದಾರಿ ಹೀಗೆ ಹೆರಿಗೆ ವಾರ್ಡಿನ ಮೂಲಕ ಹಾದುಹೋಯಿತು.

ಒಂದು ಚಿಕ್ಕ ಲೆಕ್ಕ

ಇಷ್ಟೆಲ್ಲ ಆದರೂ ಮಗುವಿನ ಚಿತ್ರ ಇಂದಿಗೂ ಮಸುಕಾಗುವುದೇಕೆ? ತರಗತಿಯಲ್ಲಿ ಮಾಡಿಸಬಹುದಾದ ಲೆಕ್ಕವೊಂದನ್ನು ನೋಡೋಣ.

ಮಗು ಕ್ಯಾಮರಾದ ಎದುರು ಅಡ್ಡವಾಗಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನಿ. ದೂರ 3 ಮೀಟರ್. ಮಸೂರದ ಸಂಗಮ ದೂರ 50 ಮಿಲಿಮೀಟರ್. ಬಿಂಬದ ಗಾತ್ರ ವಸ್ತುವಿನ ಸುಮಾರು 60ರಲ್ಲಿ ಒಂದು ಭಾಗ. ಹಾಗಾಗಿ ಫಿಲ್ಮಿನ ಮೇಲೆ ಬಿಂಬ ಸೆಕೆಂಡಿಗೆ ಸುಮಾರು 17 ಮಿಲಿಮೀಟರ್ ಸರಿಯುತ್ತದೆ. ಶಟರ್ 1/60 ಸೆಕೆಂಡು ತೆರೆದಿದ್ದರೆ ಬಿಂಬ 0.28 ಮಿಲಿಮೀಟರ್ ಸರಿಯುತ್ತದೆ. 1/500 ಸೆಕೆಂಡಾದರೆ ಕೇವಲ 0.034 ಮಿಲಿಮೀಟರ್. 35 ಮಿಲಿಮೀಟರ್ ಫಿಲ್ಮಿನಲ್ಲಿ ಸುಮಾರು 0.03 ಮಿಲಿಮೀಟರ್‌ವರೆಗಿನ ಮಸುಕು ಕಣ್ಣಿಗೆ ಗೊತ್ತಾಗುವುದಿಲ್ಲವೆಂದು ರೂಢಿಯಲ್ಲಿ ಎಣಿಸುತ್ತಾರೆ. ಹೀಗಾಗಿ ಎರಡನೆಯ ಚಿತ್ರ ಹೆಚ್ಚುಕಡಿಮೆ ಸ್ಪಷ್ಟ. ಮೊದಲನೆಯದನ್ನು ಏಳು ಪಟ್ಟು ಹಿಗ್ಗಿಸಿದರೆ ಮಗುವಿನ ಕಣ್ಣು 2 ಮಿಲಿಮೀಟರ್ ಅಗಲಕ್ಕೆ ಹರಡಿಕೊಳ್ಳುತ್ತದೆ.

ಇದರಿಂದ ಹೊರಡುವ ಸೂಚನೆಗಳು ಸರಳ. ಆಡುವ ಮಗುವಿಗೆ 1/500 ಸೆಕೆಂಡು ಅಥವಾ ಅದಕ್ಕೂ ಕಡಿಮೆ ಅವಧಿ ಬೇಕು. ಅಷ್ಟು ಕಡಿಮೆ ಅವಧಿಗೆ ಬೆಳಕು ಹೆಚ್ಚು ಬೇಕು. ಬಿಸಿಲಿನಲ್ಲಿ ಐಎಸ್‌ಒ 100ಕ್ಕೆ ಎಫ್/16, 1/125 ಸೆಕೆಂಡು ಎಂಬುದು ಹಳೆಯ ಹವ್ಯಾಸಿಗಳ ಬಾಯಿಪಾಠ. ದ್ಯುತಿರಂಧ್ರವನ್ನು ಎಫ್/5.6ಕ್ಕೆ ಹಿಗ್ಗಿಸಿದರೆ ಎಂಟು ಪಟ್ಟು ಬೆಳಕು ಬಂದು 1/1000 ಸೆಕೆಂಡು ಸಾಕಾಗುತ್ತದೆ. ಮನೆಯೊಳಗೆ ಬೆಳಕು ಹಲವು ಹತ್ತು ಪಟ್ಟು ಕಡಿಮೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಅದು ನಮಗೆ ತಿಳಿಯುವುದಿಲ್ಲ. ಕ್ಯಾಮರಾಕ್ಕೆ ತಿಳಿಯುತ್ತದೆ, ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಆದ್ದರಿಂದ ಮಗುವನ್ನು ಕಿಟಕಿಯ ಹತ್ತಿರಕ್ಕೋ ಪಡಸಾಲೆಗೋ ಕರೆತನ್ನಿ. ಕಿಟಕಿ ಮಗುವಿನ ಹಿಂದೆ ಬೇಡ, ಪಕ್ಕದಲ್ಲಿರಲಿ. ಐಎಸ್‌ಒ ಹೆಚ್ಚಿಸಿಕೊಳ್ಳಿ, ಸ್ವಲ್ಪ ಕಾಳು ಕಾಳಾಗಿ ಬಂದ ಚಿತ್ರ ಮಸುಕಾದ ಚಿತ್ರಕ್ಕಿಂತ ಮೇಲು.

ಜೋಕಾಲಿಯನ್ನು ಗಮನಿಸಿ. ತುದಿ ತಲುಪಿದಾಗ ಅದರ ವೇಗ ಕ್ಷಣಕಾಲ ಸೊನ್ನೆ. ಅಲ್ಲಿ ಗುಂಡಿ ಒತ್ತಿದರೆ ಮಂದ ಬೆಳಕಿನಲ್ಲೂ ಚಿತ್ರ ಸ್ಪಷ್ಟ. ಲೋಲಕದ ಪಾಠವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಮಾತು: ನೆಲದ ಮೇಲೆ ಕುಳಿತು ಮಗುವಿನ ಕಣ್ಣಿನ ಎತ್ತರದಿಂದ ನೋಡಿ. ಮೇಲಿಂದ ತೆಗೆದರೆ ತಲೆ ದೊಡ್ಡದಾಗಿ ಕಾಲು ಚಿಕ್ಕದಾಗಿ ಕಾಣುತ್ತದೆ. ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ಮುಖದ ಪ್ರಮಾಣ ಸರಿಯಾಗುತ್ತದೆ.

ನಮ್ಮ ನಾಡಿನ ಹಿರಿಯ ಹವ್ಯಾಸಿಗಳು ಇದನ್ನೆಲ್ಲ ಮಕ್ಕಳಿಗಿಂತಲೂ ಚಂಚಲವಾದ ಹಕ್ಕಿಗಳಿಂದ ಕಲಿತರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇಬ್ಬರೂ ಫಿಲ್ಮಿನ ಕಾಲದಲ್ಲಿ ಪಳಗಿದವರು. ಅಲ್ಲಿ ಗಳಿಗೆಯ ಹಿಂದೆ ಗಂಟೆಗಟ್ಟಲೆ ಕಾಯುವ ತಾಳ್ಮೆ ಇತ್ತು. ಹಕ್ಕಿಯ ಸ್ವಭಾವ ತಿಳಿಯದೆ ಅದರ ಚಿತ್ರ ಸಿಗದು. ಮಗುವಿಗೂ ಈ ಮಾತು ಸಲ್ಲುತ್ತದೆ.

ಉಳಿಯುವುದು ಯಾವುದು?

ದಗೇರನ ಕಾಲದ ಮಗುವಿಗೆ ಒಂದು ಚಿತ್ರ ಸಿಕ್ಕರೆ ಅದೃಷ್ಟ. ಇಂದಿನ ಮಗುವಿಗೆ ಒಂದು ವರ್ಷ ತುಂಬುವಷ್ಟರಲ್ಲಿ ಸಾವಿರಾರು ಚಿತ್ರಗಳಾಗಿರಬಹುದು. ಆದರೆ ಬೆಳ್ಳಿಯ ತಗಡು 180 ವರ್ಷ ಬಾಳಿತು. ಮೊಬೈಲ್ ಕಳೆದರೆ ಅಥವಾ ಕೆಟ್ಟರೆ ಅದರೊಳಗಿನ ಬಾಲ್ಯ ಪೂರ್ತಿ ಅಳಿಸಿಹೋಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಕುಳಿತು 20 ಒಳ್ಳೆಯ ಚಿತ್ರಗಳನ್ನು ಆರಿಸಿ, ಎರಡು ಬೇರೆ ಬೇರೆ ಕಡೆ ನಕಲು ಮಾಡಿಡಿ. ಕೆಲವನ್ನು ಕಾಗದದ ಮೇಲೆ ಮುದ್ರಿಸಿ, ಹಿಂದೆ ಹೆಸರು, ಊರು, ದಿನಾಂಕ ಬರೆಯಿರಿ. ಡಾರ್ವಿನ್ ಟಿಪ್ಪಣಿಗಳು ವಿಜ್ಞಾನವಾದದ್ದು ದಿನಾಂಕ ಇದ್ದುದರಿಂದ. ಆರಿಸುವ ಕೆಲಸದಿಂದ ನಿಮ್ಮ ಕಣ್ಣೂ ಪಳಗುತ್ತದೆ. ಯಾವ ಚಿತ್ರ ಏಕೆ ಚೆನ್ನಾಗಿದೆ ಎಂದು ಕೇಳಿಕೊಳ್ಳದೆ ಮುಂದಿನದು ಉತ್ತಮವಾಗದು.

ಇನ್ನೊಂದು ಹೊಣೆಯೂ ನಮ್ಮ ಮೇಲಿದೆ. ಹಿಂದೆ ಮಗುವಿನ ಚಿತ್ರ ಮನೆಯ ಗೋಡೆಯ ಮೇಲಿರುತ್ತಿತ್ತು. ಈಗ ಕ್ಷಣದಲ್ಲಿ ಅಪರಿಚಿತರ ಕೈ ಸೇರಬಲ್ಲದು. ಬೇಡವೆನ್ನಲು ಬಾರದ ಮಗುವಿನ ಪರವಾಗಿ ನಾವೇ ಯೋಚಿಸಬೇಕು. ಮಾತು ಬರುವ ಮಗುವನ್ನು ಕೇಳಿಯೇ ಹಂಚಬೇಕು.

ಶಿಕ್ಷಕರಲ್ಲಿ ಒಂದು ಕೋರಿಕೆ. ಮುಂದಿನ ಬಾರಿ ಮಸೂರದ ಪಾಠ ಮಾಡುವಾಗ ಒಂದು ಕ್ಯಾಮರಾವನ್ನು ತರಗತಿಗೆ ತನ್ನಿ. ಅಂಗಳದಲ್ಲಿ ಓಡುವ ಗೆಳೆಯನನ್ನು 1/30, 1/125, 1/500 ಸೆಕೆಂಡುಗಳಲ್ಲಿ ಚಿತ್ರಿಸಲು ವಿದ್ಯಾರ್ಥಿಗಳಿಗೇ ಹೇಳಿ. ಮಸುಕನ್ನು ಅಳತೆಪಟ್ಟಿಯಿಂದ ಅಳೆದು ಓಟದ ವೇಗವನ್ನು ಅವರೇ ಲೆಕ್ಕ ಹಾಕಲಿ. ಮಧ್ಯೆ ಯಾರಾದರೂ ಎದ್ದುನಿಂತು, ಹೀಗೇಕೆ ಎಂದು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಪೋಲರಾಯ್ಡ್ ಕ್ಯಾಮರಾ ಹುಟ್ಟಿದ್ದು ಮೂರು ವರ್ಷದ ಹುಡುಗಿಯ ಅಂಥದೇ ಒಂದು ಪ್ರಶ್ನೆಯಿಂದ.